ನೀಲಿಯ ಮೇಲೆ ಕೆಂಪು ಗುರುತು

ನವೆಂಬರ್ 10, ಸೋಮವಾರ

ಬರೆಯುವುದಕ್ಕೆ ನನಗೆ ತಾಳ್ಮೆ ಇಲ್ಲ. ಫೋನಿಗೆ ಹೇಳುತ್ತೇನೆ, ಅದು ಬರೆದುಕೊಳ್ಳುತ್ತದೆ. ನಾನು ಕುಷ್ಟಗಿಯ ಮಾತಿನಲ್ಲಿ ಏನಾದರೂ ಅಂದರೆ ಈ ಆ್ಯಪ್ ಅದಕ್ಕೆ ಇಸ್ತ್ರಿ ಹಾಕಿ ಪುಸ್ತಕದ ಕನ್ನಡ ಮಾಡಿಬಿಡುತ್ತದೆ. ಆಮೇಲೆ ಓದಿದರೆ ಬೇರೆ ಯಾರೋ ನನ್ನ ಬಗ್ಗೆ ಹೇಳಿದ ಹಾಗಿರುತ್ತದೆ. ಯಾರಾದರೂ ಆಡಿದ ಮಾತನ್ನು ಮಾತ್ರ ಇದ್ದ ಹಾಗೇ ತಿದ್ದಿಡುತ್ತೇನೆ. ಇರಲಿ. ರೂಮಿನಲ್ಲಿ ಲಿಡ್ವಿನ್ ಮಲಗಿದ್ದಾನೆ. ಬೇಕರಿ ಕೆಲಸ, ನಸುಕಿಗೆ ಏಳಬೇಕು. ಅದಕ್ಕೇ ನಾನು ಟೆರೇಸಿಗೆ ಬಂದು ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಕೂತಿದ್ದೇನೆ.

ಉಡುಪಿಗೆ ಬಂದ ಮೇಲೆ ಇದು ಮೂರನೇ ಕೆಲಸ. ಮೊದಲು ಮಣಿಪಾಲದಲ್ಲಿ ಮೊಬೈಲ್ ಅಂಗಡಿ, ಆಮೇಲೆ ಊಟದ ಡೆಲಿವರಿ, ಈಗ ಕಂಪ್ಯೂಟರ್ ಮೇಷ್ಟ್ರು. ಒಂದು ಟ್ರಸ್ಟಿನವರು ಹೈಸ್ಕೂಲುಗಳಿಗೆ ಹಳೆಯ ಕಂಪ್ಯೂಟರ್ ಕೊಟ್ಟಿದ್ದಾರೆ, ಅದರ ಜೊತೆ ನನ್ನನ್ನೂ ಕೊಟ್ಟಿದ್ದಾರೆ. ವಾರದಲ್ಲಿ ನಾಲ್ಕು ದಿನ ಕಾಪು, ಎರಡು ದಿನ ಕಾರ್ಕಳ. ಇದೂ ಜನವರಿ ತನಕ ಮಾತ್ರ. ಪುಣೆಯಲ್ಲಿ ದೊಡ್ಡಪ್ಪನ ಮಗ ಗೋಡೌನಿನ ಕೆಲಸ ನೋಡಿಟ್ಟಿದ್ದಾನೆ. ಒಂದೇ ಊರಲ್ಲಿ ಕೂತರೆ ನನಗೆ ಕಾಲು ಕಡಿಯುತ್ತದೆ.

ಕಾಪುವಿನ ಒಂಬತ್ತನೇ ಕ್ಲಾಸಿನಲ್ಲಿ ಹೆಸರು ಹೇಳಿದೆ, ಯಮನೂರಪ್ಪ ಎಂದು. ಹಿಂದಿನ ಬೆಂಚಿನಿಂದ ಒಂದು ದನಿ ಬಂತು, "ಯಮ ಸರ್ ಅಂತ ಕರೆದರೆ ಸಾಕಾ ಸರ್?"

"ಯಾಕೋ, ಕ್ವಾಣ ಎಲ್ಲೈತಿ ಅಂತ ಕೇಳಾಂವ ಇದ್ದೀ ಏನ?" ಎಂದೆ.

ಇಡೀ ಕ್ಲಾಸು ನಕ್ಕಿತು. ನಕ್ಕಿದ್ದು ಜೋಕಿಗಲ್ಲ, 'ಎಲ್ಲೈತಿ'ಗೆ. ಆ ದನಿ ತಿಲಕ್ ಎಂಬ ಹುಡುಗನದು. ಹೆದ್ದಾರಿ ಪಕ್ಕ ಅವನ ಅಪ್ಪನ ಅಂಗಡಿ ಇದೆಯಂತೆ.

ನವೆಂಬರ್ 13, ಗುರುವಾರ

ಕಾರ್ಕಳ. ಬಸ್ಸಿನಲ್ಲಿ ನಿಂತೇ ಹೋದೆ. ಮಕ್ಕಳಿಗೆ ಪಾಸ್‌ವರ್ಡ್ ಪಾಠ. ಸಂಜೆ ರೂಮಿನಲ್ಲಿ ಲಿಡ್ವಿನ್ ಮೀನು ಹುರಿದ. ಆ ವಾಸನೆಗೆ ನಾನು ಕಿಟಕಿ ಬಾಗಿಲು ಎಲ್ಲ ತೆಗೆದು ಹೊರಗೆ ನಿಂತೆ. ನಮ್ಮ ಕಡೆ ಮೀನು ಎಂದರೆ ಸಂತೆಯ ಒಣಮೀನು, ಅದನ್ನೂ ಅವ್ವ ಹಿತ್ತಲಲ್ಲೇ ಸುಡುತ್ತಾಳೆ.

ನವೆಂಬರ್ 17, ಸೋಮವಾರ

ಇವತ್ತು ಹೇಳುವುದಕ್ಕೆ ಬಹಳ ಇದೆ.

ಡಿಸೆಂಬರಿನಲ್ಲಿ ಮಣಿಪಾಲದಲ್ಲಿ ಶಾಲೆಗಳ ಪ್ರದರ್ಶನ. 'ನಮ್ಮೂರ ನಕ್ಷೆ' ಮಾಡೋಣ ಎಂದೆ. ಇಂಟರ್ನೆಟ್ಟಿನ ನಕ್ಷೆಯ ಮೇಲೆ ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಜಾಗಕ್ಕೆ ಒಂದು ಕೆಂಪು ಗುರುತು ಇಟ್ಟು ಹೆಸರು ಬರೆಯಬೇಕು. ತಿಲಕ್ ಅಂಗಡಿ ಇಟ್ಟ. ಮಟ್ಟುವಿನಿಂದ ಬರುವ ಮಾನಸ ಅವರ ಗುಳ್ಳದ ಗದ್ದೆ ಇಟ್ಟಳು. ಗುಳ್ಳ ಎಂದರೆ ಬದನೆಕಾಯಿ. ಅದನ್ನು ಬದನೆ ಎಂದಿದ್ದಕ್ಕೆ ನನಗೆ ಬೈಗುಳ ಸಿಕ್ಕಿತು.

ಮೋಕ್ಷಾ ಎಂಬ ಹುಡುಗಿ ಮಾತ್ರ ಏನೂ ಗುರುತು ಇಡದೆ ಕೂತಿದ್ದಳು. ಅವಳ ಅಪ್ಪ ಸುಂದರ ಅವರದು ಮೀನಿನ ಬೋಟು. ಕೊನೆಗೆ ಕೈ ಎತ್ತಿದಳು.

"ಸರ್, ಸಮುದ್ರದ ಮೇಲೆ ಗುರುತು ಹಾಕ್ಲಿಕ್ಕೆ ಆಗ್ತದಾ?"

"ಆಗತೈತಿ. ಆದರ ಅಲ್ಲಿ ಏನೈತವ್ವಾ, ಬರೀ ನೀರು."

ಅವಳು ನನ್ನನ್ನು ನೋಡಿದ ರೀತಿ! ಮತ್ತೆ ಪರದೆಯ ಕಡೆ ತಿರುಗಿದಳು. ಹತ್ತು ನಿಮಿಷ ಬಿಟ್ಟು ಹೋಗಿ ನೋಡಿದರೆ ನೀಲಿಯ ತುಂಬ ಕೆಂಪು ಚುಕ್ಕೆ. ಒಂದೊಂದಕ್ಕೂ ಹೆಸರು. ಅಜ್ಜನ ಕಲ್ಲು. ಬಲೆ ಹರಿದ ಜಾಗ. ಮುರು ಮೀನಿನ ಮನೆ. ಇದೆಲ್ಲ ನೀರಿನ ಅಡಿಯ ಬಂಡೆಗಳಂತೆ, ಬಂಡೆ ಇದ್ದಲ್ಲಿ ಮೀನು ಗೂಡು ಕಟ್ಟುತ್ತದಂತೆ. ಅವಳ ಅಜ್ಜ ಹುಡುಕಿದ್ದು, ಅಪ್ಪ ಫೋನಿನಲ್ಲಿ ಉಳಿಸಿಟ್ಟದ್ದು. ಅಪ್ಪ ಹೊಸ ಫೋನು ಕೊಂಡಾಗ ಹಳೆಯದರಿಂದ ಅವೆಲ್ಲವನ್ನೂ ದಾಟಿಸಿದವಳು ಇವಳೇ. ಅಪ್ಪನ ಫೋನಿನ ಕೆಲಸ ಪೂರ್ತಿ ಇವಳದೇ.

ಸಮುದ್ರಕ್ಕೂ ವಿಳಾಸ ಇದೆ!

ಶಾಲೆಗೆ ಇರುವುದು ಒಂದೇ ಇಮೇಲ್. ಪ್ರತಿ ಮಗುವಿಗೂ ಬೇರೆ ಅನುಮತಿ ಕೊಡುತ್ತ ಕೂತರೆ ಸಂಜೆಯಾಗುತ್ತದೆ. ಅದಕ್ಕೇ 'ಲಿಂಕ್ ಇದ್ದವರು ಯಾರು ಬೇಕಾದರೂ ನೋಡಬಹುದು' ಎಂಬುದನ್ನು ಒತ್ತಿ, ಲಿಂಕನ್ನು ಪೋಷಕರ ವಾಟ್ಸ್ಯಾಪ್ ಗ್ರೂಪಿಗೂ ಹಾಕಿದೆ. ಎಷ್ಟೊಂದು ಜನ ಮೆಚ್ಚಿ ಹೆಬ್ಬೆರಳಿನ ಚಿತ್ರ ಒತ್ತಿದರು!

ನವೆಂಬರ್ 22, ಶನಿವಾರ

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸುಮ್ಮನೆ ಕುತೂಹಲಕ್ಕೆ ಕಡಲ ದಂಡೆಗೆ ಹೋದೆ. ಲೈಟ್‌ಹೌಸಿನ ಈಚೆ, ಬೋಟು ಮರಳಿನ ಮೇಲಿತ್ತು. ಸುಂದರ ಅವರು ಬಲೆ ಬಿಡಿಸುತ್ತಿದ್ದರು. ಮಾತು ಕಡಿಮೆ. ಮಾತೆಲ್ಲ ಅವರ ಜೊತೆಗಾರ ಚಂದು ಅವರದು. ಇಬ್ಬರೂ ಹುಡುಗರಾಗಿದ್ದಾಗಿನಿಂದ ಒಂದೇ ಬೋಟಿನಲ್ಲಿ. ಬೋಟು ಸುಂದರ ಅವರದು, ಚುಕ್ಕಾಣಿ ಚಂದು ಅವರದು.

"ಮಾಸ್ಟ್ರಿಗೆ ಮೀನು ವಾಸನೆ ಆಗುದಿಲ್ವಂತೆ, ಮೋಕ್ಷಾ ಹೇಳಿದಳು. ಮೂಗಿಗೆ ಬಟ್ಟೆ ಕೊಡ್ಲಾ ಮಾರಾಯ್ರೆ?" ಎಂದರು ಚಂದು.

"ಬ್ಯಾಡ್ರಿ, ಗಾಳಿ ಐತಿ."

"ಗಾಳಿ ನಮ್ಮ ಕಡೆಯಿಂದಲೇ ಬರುದು!"

ಒಂದು ವಿಷಯ ಕಲಿತೆ. ಹಿಡಿದ ಮೀನು ಮಾರುವುದಕ್ಕೆ ಹೋಗುವ ಮೊದಲು, ಬೋಟಿಗೆ ಹೋದ ಪ್ರತಿಯೊಬ್ಬನ ಮನೆಗೆ ಅಂದಿನ ಪದಾರ್ಥಕ್ಕೆ, ಅಂದರೆ ಸಾರಿಗೆ, ಇಷ್ಟು ಎಂದು ತೆಗೆದಿಡುತ್ತಾರೆ. ಕೂಲಿ ಬೇರೆ, ಇದು ಬೇರೆ. ಅದು ಯಾಕೆ ಎಂದು ಕೇಳಿದೆ. ಚಂದು ಅವರು, "ಮನೆಗೆ ಮೀನು ಬಂದರೆ ಮಾತ್ರ ಅವನು ಬೋಟಿನವ ಅಂತ ಲೆಕ್ಕ" ಎಂದರು.

ಡಿಸೆಂಬರ್ 1, ಸೋಮವಾರ

ಕ್ಲಾಸು ಮುಗಿದ ಮೇಲೆ ಮೋಕ್ಷಾ ಕೀಬೋರ್ಡು ಒರೆಸುವ ನೆವ ಮಾಡಿ ಉಳಿದಳು.

"ಸರ್, ನಕ್ಷೆಯಿಂದ ಅಳಿಸಿದರೆ ಪೂರ್ತಿ ಹೋಗ್ತದಾ?"

"ಯಾಕವ್ವಾ?"

ನಿಧಾನವಾಗಿ ಹೇಳಿದಳು. ಹೋದ ವಾರ ಅಜ್ಜನ ಕಲ್ಲಿನ ಮೇಲೆ ಬೇರೆ ಎರಡು ಬೋಟು ನಿಂತಿದ್ದವಂತೆ. ಶನಿವಾರ ಐದು. ಆ ಜಾಗ ಗೊತ್ತಿದ್ದದ್ದು ಇಬ್ಬರಿಗೇ, ಅವಳ ಅಪ್ಪನಿಗೆ ಮತ್ತು ಚಂದು ಮಾಮನಿಗೆ. ಮೊದಲು ಬಂದ ಬೋಟಿನಲ್ಲಿ ಚಂದು ಮಾಮನ ಭಾವ ಕೆಲಸಕ್ಕಿದ್ದಾರೆ. "ಭಾವನಿಗೆ ಹೇಳಿಕೊಟ್ಟದ್ದು ಚಂದುವೇ ಅಂತ ಎಲ್ಲರೂ ಹೇಳ್ತಿದ್ದಾರೆ ಸರ್. ಅಪ್ಪ ಎಂತ ಹೇಳುದಿಲ್ಲ. ಊಟ ಮಾಡುದಿಲ್ಲ."

ಆ ಬೋಟು ಯಾರದು ಎಂದು ಕೇಳಿದೆ. ತಿಲಕನ ಮಾವನದಂತೆ.

ಅಲ್ಲೇ ಕೂತು ನಕ್ಷೆಯನ್ನೇ ಅಳಿಸಿದೆ. ಪರದೆ ಕೇಳಿತು, ಖಚಿತವೇ ಎಂದು. ಹೌದು ಎಂದು ಒತ್ತಿದೆ. ಪೋಷಕರ ಗ್ರೂಪಿನಿಂದ ಲಿಂಕನ್ನೂ ತೆಗೆದೆ. ಪ್ರದರ್ಶನಕ್ಕೆ ಬೇರೆ ಏನಾದರೂ ಮಾಡಿದರಾಯಿತು.

ಡಿಸೆಂಬರ್ 2, ಮಂಗಳವಾರ

ತಿಲಕನನ್ನು ಹೊರಗೆ ಕರೆದು ಕೇಳಿದೆ. ಅವನು ಖುಷಿಯಿಂದಲೇ ಹೇಳಿದ, "ಹೌದು ಸರ್, ಮಾವನಿಗೆ ನಮ್ಮ ಪ್ರಾಜೆಕ್ಟ್ ತೋರಿಸಿದೆ. ಅವರಿಗೆ ಭಾರಿ ಇಷ್ಟ ಆಯ್ತು. ಎಲ್ಲ ಅವರ ಫೋನಿಗೂ ಹಾಕಿಕೊಟ್ಟೆ."

ಅಳಿಸಿದ್ದು ನನ್ನ ಪ್ರತಿ ಮಾತ್ರ.

ಡಿಸೆಂಬರ್ 3, ಬುಧವಾರ

ಇಂದು ಪಾಠ ಮಾಡಲಿಲ್ಲ. ಟೈಪಿಂಗ್ ಆಟ ಹಾಕಿ ಕೂರಿಸಿದೆ.

ಮೋಕ್ಷಾ ಬಂದು ಹೇಳಿದಳು, ಶನಿವಾರ ಬೋಟಿನವರೆಲ್ಲ ಸೇರುತ್ತಾರೆ, ಚಂದು ಮಾಮನನ್ನು ಬೋಟಿನಿಂದ ಬಿಡಿಸುವ ಮಾತು.

"ನಾನೇ ಅಂತ ಹೇಳಿದರೆ ಅಪ್ಪ ಇನ್ನು ಕಂಪ್ಯೂಟರ್ ಮುಟ್ಲಿಕ್ಕೆ ಬಿಡುದಿಲ್ಲ ಸರ್. ಹೇಳದಿದ್ದರೆ ಚಂದು ಮಾಮ..."

ನಾನು ಹೊರಗೆ ಬಂದೆ. ಪುಣೆಗೆ ಈ ವಾರವೇ ಹೋಗಬಹುದಾ ಎಂದು ಬಸ್ಸಿನ ಸೀಟು ನೋಡಿದೆ. ಖಾಲಿ ಇತ್ತು.

ಡಿಸೆಂಬರ್ 5, ಶುಕ್ರವಾರ

ಕಾರ್ಕಳದಿಂದ ಬರುವಾಗ ರೂಮಿರುವ ಬನ್ನಂಜೆಯಲ್ಲಿ ಇಳಿಯದೆ ಸೀದಾ ಕಾಪುವಿಗೆ ಹೋದೆ. ಹೆಡ್‌ಮಿಸ್ ಬರ್ತಾ ಟೀಚರ್ ಆಫೀಸಿನಲ್ಲಿ ಕ್ರಿಸ್ಮಸ್ ನಕ್ಷತ್ರಕ್ಕೆ ಬಲ್ಬು ಸಿಕ್ಕಿಸುತ್ತಿದ್ದರು. ಎಲ್ಲ ಹೇಳಿದೆ. ಟ್ರಸ್ಟಿನವರಿಗೆ ತಿಳಿದರೆ ನನ್ನನ್ನು ತೆಗೆದುಹಾಕಬಹುದು ಎಂದೂ ಹೇಳಿದೆ.

"ತೆಗೆಯುದೋ ಬಿಡುದೋ ಆಮೇಲಿನ ಮಾತು. ಲಿಂಕ್ ಹಾಕಿದ್ದು ಯಾರು?"

"ನಾನ್ರಿ."

"ಮತ್ತೆ ನಾಳೆ ಆ ಹುಡುಗಿಯನ್ನು ಒಬ್ಬಳೇ ಕಳಿಸ್ತೀರಾ? ಮೊದಲು ನಿಮ್ಮದು ಹೇಳಿ. ಆಮೇಲೆ ಅವಳು ಹೇಳ್ಬೇಕು ಅಂತ ಇದ್ದರೆ ಹೇಳ್ತಾಳೆ." ಬಲ್ಬು ಉರಿಯಿತು. "ಅವರು ಬೈದರೆ ಬೈಸಿಕೊಳ್ಳಿ. ಅಡ್ಡ ಮಾತು ಬೇಡ ಆಯ್ತಾ."

ಡಿಸೆಂಬರ್ 6, ಶನಿವಾರ

ಹೇಗೆ ಶುರು ಮಾಡಲಿ.

ಬೋಟಿನ ನೆರಳಿನಲ್ಲಿ ಏಳೆಂಟು ಜನ ಕೂತಿದ್ದರು. ಕೆಲವರು ಬಲೆಗೆ ತೇಪೆ ಹಾಕುತ್ತಿದ್ದರು. ಚಂದು ಇರಲಿಲ್ಲ. ಯಾರೂ ಬಿಡಿಸುವ ಮೊದಲೇ ನಿನ್ನೆಯಿಂದ ತಾವೇ ಬರುವುದು ಬಿಟ್ಟಿದ್ದಾರಂತೆ. ಅದನ್ನೂ ಒಬ್ಬರು ತಪ್ಪಿನ ಸಾಕ್ಷಿ ಮಾಡಿಕೊಂಡಿದ್ದರು. "ಮೈಯಲ್ಲಿ ಸತ್ಯ ಇದ್ದರೆ ಬಂದು ಕೂತುಕೊಳ್ತಿದ್ದ ಅಲ್ವಾ?"

ನಾನು ನಿಂತುಕೊಂಡೇ ಹೇಳಿದೆ. ನಕ್ಷೆ, ಲಿಂಕು, ಎಲ್ಲರಿಗೂ ಕಾಣುವ ಹಾಗೆ ಒತ್ತಿದ ಗುಂಡಿ. ಯಾರಿಗೂ ಅರ್ಥವಾಗಲಿಲ್ಲ. "ಶಾಲೆಯ ಚಿತ್ರಕ್ಕೂ ನಮ್ಮ ಕಲ್ಲಿಗೂ ಎಂತ ಸಂಬಂಧ ಮಾಸ್ಟ್ರೇ?" ಎಂದರು ಅದೇ ಮನುಷ್ಯ.

ಆಗ ಮೋಕ್ಷಾ ಮುಂದೆ ಬಂದು ಅಪ್ಪನ ಕೈಯಿಂದ ಫೋನು ತೆಗೆದುಕೊಂಡಳು. ಅವರು ಉಳಿಸಿಟ್ಟ ಜಾಗಗಳನ್ನು ತೆರೆದು ತೋರಿಸಿದಳು.

"ಇದನ್ನು ನಾನು ಶಾಲೆಯ ಕಂಪ್ಯೂಟರಿಗೆ ಹಾಕಿದೆ ಅಪ್ಪ. ಎಲ್ಲವನ್ನೂ. ಅಲ್ಲಿಂದ ಎಲ್ಲರಿಗೂ ಕಂಡಿದೆ. ಚಂದು ಮಾಮ ಯಾರಿಗೂ ಹೇಳ್ಲಿಲ್ಲ."

ಬಲೆಯ ಸೂಜಿಗಳು ನಿಂತವು. ಸುಂದರ ಅವರು ಫೋನನ್ನು ನೋಡಿದರು, ಮಗಳನ್ನು ನೋಡಿದರು. ನನ್ನ ಕಡೆ ತಿರುಗಲೇ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಯಾಕೆ ಹಾಕಿದ್ದು?"

"ಎಲ್ಲರೂ ಅವರವರ ಜಾಗ ಹಾಕ್ತಿದ್ರು ಅಪ್ಪ. ತಿಲಕನಿಗೆ ಅಂಗಡಿ ಉಂಟು, ಮಾನಸನಿಗೆ ಗದ್ದೆ ಉಂಟು. ನಮ್ಮ ಕಡೆ ನಕ್ಷೆಯಲ್ಲಿ ಎಂತದೂ ಇಲ್ಲ, ಬರೀ ನೀಲಿ. ಸರ್ ಕೂಡ ಬರೀ ನೀರು ಅಂದ್ರು."

ಆ ಮಾತು ನನಗೆ ಎಲ್ಲಿ ತಾಗಿತೋ ಅಲ್ಲೇ ಇನ್ನೂ ಇದೆ.

ಸುಂದರ ಅವರು ಎದ್ದರು. ಅವತ್ತಿನ ಮೀನಿನಿಂದ ನಾಲ್ಕು ದೊಡ್ಡ ಬಂಗುಡೆ ಆರಿಸಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಮಗಳ ಕೈಗೆ ಕೊಟ್ಟರು.

"ಇದು ಚಂದುವಿನ ಪಾಲು. ನೀನೇ ಕೊಡ್ಬೇಕು, ನೀನೇ ಹೇಳ್ಬೇಕು. ಅವನು ಬೋಟಿಗೆ ಬರುವ ತನಕ ನೀನು ಫೋನೂ ಮುಟ್ಟಬೇಡ, ಕಂಪ್ಯೂಟರೂ ಮುಟ್ಟಬೇಡ." ಆಮೇಲೆ ನನಗೆ, "ನೀವೂ ಹೋಗಿ ಮಾಸ್ಟ್ರೇ."

ಚಂದು ಅವರ ಮನೆ ಶಾಲೆಯ ಹಿಂದಿನ ಓಣಿಯಲ್ಲೇ. ಅವರ ಹೆಂಡತಿ ಸರಸ ಬಾಗಿಲಲ್ಲಿ ನಿಂತರು, ಚಂದು ಒಳಗೆ ಟಿವಿ ಎದುರು. ಮೋಕ್ಷಾ ಹೊಸಿಲ ಹೊರಗಿನಿಂದಲೇ ಎಲ್ಲ ಹೇಳಿದಳು, ಒಂದೇ ಉಸಿರಿಗೆ. ನಾನೂ ನನ್ನದು ಹೇಳಿದೆ. ಟಿವಿಯ ಸದ್ದು ಕಡಿಮೆಯಾಯಿತು.

"ನಿನ್ನ ಅಪ್ಪ ಎಂತ ಹೇಳಿದ?"

"ಎಂತ ಹೇಳ್ಲಿಲ್ಲ ಮಾಮ. ಮೀನು ಕೊಟ್ರು."

"ನೀನು ಚಿಕ್ಕವಳು, ನಿನ್ನ ಮೇಲೆ ಕೋಪ ಇಲ್ಲ. ಈ ಮಾಸ್ಟ್ರು ಬಯಲುಸೀಮೆಯವರು, ಅವರಿಗೆ ಸಮುದ್ರ ಗೊತ್ತಿಲ್ಲ. ಸುಂದರನಿಗೆ ನಾನು ಗೊತ್ತಿಲ್ವಾ? ಒಂದು ಸಲ ಬಂದು 'ನೀನಾ' ಅಂತ ಕೇಳ್ಲಿಕ್ಕೆ ಆಗ್ಲಿಲ್ವಾ? ಮೀನು ತೆಗೆದುಕೊಂಡು ಹೋಗು."

ಟಿವಿಯ ಸದ್ದು ಮತ್ತೆ ದೊಡ್ಡದಾಯಿತು.

ಓಣಿಯಲ್ಲಿ ನಿಂತೆವು. ಕೊಟ್ಟ ಪಾಲು ತಿರುಗಿ ಮನೆಗೆ ತರಬಾರದಂತೆ, ಅಪ್ಪನ ಒಲೆಗೆ ಅದು ಏರುವುದಿಲ್ಲ. ಬಿಸಾಡಲೂ ಬಾರದು.

"ನೀವು ತಗೊಳ್ಳಿ ಸರ್."

"ನಾ ಏನ್ ಮಾಡ್ಲೆವ್ವಾ ಇದನ್ನ?"

"ತಿನ್ನುದು ಸರ್," ಎಂದಳು. ಅಷ್ಟರ ನಡುವೆಯೂ ನಗು ಬಂತು ಅವಳಿಗೆ.

ಡಿಸೆಂಬರ್ 8, ಸೋಮವಾರ

ಇವತ್ತೂ ಅದೇ. ಶಾಲೆ ಬಿಟ್ಟ ಮೇಲೆ ಮೋಕ್ಷಾ ಮನೆಗೆ ಹೋಗಿ ಮೀನು ಹಿಡಿದು ಚಂದು ಅವರ ಮನೆಗೆ ಹೋದಳು, ಅಲ್ಲಿಂದ ನಾನು ನಿಂತಿದ್ದ ಬಸ್‌ಸ್ಟ್ಯಾಂಡಿಗೆ ಬಂದಳು, ತೊಟ್ಟೆ ಹಾಗೆಯೇ ಇತ್ತು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಮೊನ್ನೆಯದನ್ನು ಲಿಡ್ವಿನ್ ಮಾಡಿದ್ದ. ಇವತ್ತು ಅವನು ಕತ್ತರಿ ನನ್ನ ಕೈಗೆ ಕೊಟ್ಟ. "ಕಿವಿರು ತೆಗಿ. ಹೊಟ್ಟೆ ಸೀಳು. ಹೆದರಬೇಡ ಮಾರಾಯ, ಅದು ಸತ್ತಿದೆ." ಒಳಗೆ ಏನೇನಿದೆ ಎಂದು ನೋಡುತ್ತ ಕೂತೆ. ಒಂದರ ಹೊಟ್ಟೆಯಲ್ಲಿ ಸಣ್ಣ ಸಿಗಡಿ, ಇನ್ನೂ ಕಣ್ಣಿದೆ ಅದಕ್ಕೆ.

ಕ್ಲಾಸಿನಲ್ಲಿ ಮೋಕ್ಷಾ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದಳು. ಅಪ್ಪನ ಮಾತು ಅಂದರೆ ಮಾತು. ಅವಳು ಹೇಳುತ್ತಾಳೆ, ತಿಲಕ್ ಒತ್ತುತ್ತಾನೆ. ಅವನಿಗೆ ವಿಷಯ ತಿಳಿದಿದೆ. ಯಮ ಸರ್ ಎನ್ನುವುದನ್ನು ಬಿಟ್ಟಿದ್ದಾನೆ.

ಡಿಸೆಂಬರ್ 9, ಮಂಗಳವಾರ

ಹೊಸ ಪಾಠ ಮಾಡಿದೆ, ಪುಸ್ತಕದಲ್ಲಿ ಇಲ್ಲದ್ದು. ನಿಮಗೆ ಗೊತ್ತಿದ್ದೂ ನಕ್ಷೆಯಲ್ಲಿ ಹಾಕಬಾರದ ಜಾಗ ಯಾವುದು? ಎಲ್ಲಿ ಅಂತ ಹೇಳಬೇಡಿ, ಎಂಥದ್ದು ಅಂತ ಮಾತ್ರ ಹೇಳಿ.

ಮೊದಲು ಮಾನಸ, "ಅಮ್ಮ ಬೀಜದ ಗುಳ್ಳ ಒಣಗಿಸಿ ಇಡುವ ಜಾಗ ಸರ್" ಎಂದಳು. ಒಬ್ಬ, ಅಜ್ಜಿ ಬೀಡಿ ಅಡಗಿಸುವ ಜಾಗ. ಕ್ಲಾಸೆಲ್ಲ ನಗು. ತಿಲಕ್ ಎದ್ದು ನಿಂತ. "ಸರ್, ಬೇರೆಯವರು ನಂಬಿ ತೋರಿಸಿದ ಜಾಗ" ಎಂದ. ಯಾರೂ ನಗಲಿಲ್ಲ. ಅವನು ಕೂತು ಮೌಸನ್ನು ಸುಮ್ಮನೆ ಆಚೀಚೆ ಮಾಡಿದ.

ಸಂಜೆ ಮೀನು ಬಂತು. ಬೂತಾಯಿ.

ಡಿಸೆಂಬರ್ 11, ಗುರುವಾರ

ಕಾರ್ಕಳದಲ್ಲೂ ಅದೇ ಪ್ರಶ್ನೆ ಕೇಳಿದೆ. ಕಾವ್ಯ ಎಂಬ ಹುಡುಗಿ, "ಅಕ್ಕ ಹಾಸ್ಟೆಲಿನಿಂದ ಬಂದು ಯಾವ ಸ್ಟಾಪಿನಲ್ಲಿ ಇಳಿತಾಳೆ ಅಂತ ಹಾಕಬಾರದು" ಎಂದಳು. ಇಷ್ಟು ದಿನ ನಾನು ಪಾಸ್‌ವರ್ಡಿನಲ್ಲಿ ಅಂಕಿ ಇರಲಿ, ದೊಡ್ಡಕ್ಷರ ಇರಲಿ ಎಂದು ಮಾತ್ರ ಹೇಳುತ್ತಿದ್ದೆ. ಮಕ್ಕಳಿಗೆ ಗೊತ್ತಿರುವುದನ್ನು ಕೇಳಿಯೇ ಇರಲಿಲ್ಲ.

ಅವ್ವನ ಫೋನು ಬಂತು. ಉಂಡೆಯಾ ಎಂದು ಕೇಳಿದಳು. ಈಗ ಮಾಡಬೇಕು, ನಿನ್ನೆಯ ಮೀನು ಉಂಟು ಎಂದೆ.

"ಏನ್ ಉಂಟೋ? ಯಾಕೋ ಹಿಂಗ್ ಮಾತಾಡಾಕತ್ತೀ, ಜ್ವರ ಬಂದಾವೇನ?"

ಲೈನು ಸರಿ ಇರಲಿಲ್ಲ ಅನಿಸುತ್ತದೆ.

ಡಿಸೆಂಬರ್ 15, ಸೋಮವಾರ

ಹತ್ತನೇ ದಿನವೂ ತೊಟ್ಟೆ ವಾಪಸು ಬಂದಿದೆ. ನಾನು ಕಾರ್ಕಳದಲ್ಲಿದ್ದ ದಿನಗಳ ಮೀನು ಬರ್ತಾ ಟೀಚರ ಮನೆಗೆ ಹೋಗಿದೆಯಂತೆ. "ಚಂದು ಸಿಟ್ಟಾದರೆ ನಮಗೆಲ್ಲ ಹಬ್ಬ" ಎಂದು ಅವರು ನಕ್ಕರು. ಆಮೇಲೆ ನಗು ಬಿಟ್ಟು, "ಸುಂದರ ಒಮ್ಮೆ ಹೋಗ್ಬೇಕು. ಮಗಳನ್ನು ಎಷ್ಟು ದಿನ ಕಳಿಸ್ತಾನೆ?" ಎಂದರು.

ಅದನ್ನು ಅವರಿಗೆ ಹೇಳುವವರು ಯಾರು? ಹೇಳಬೇಕಾದವನು ನಾನೇ ಎಂದು ನನಗೆ ಗೊತ್ತಿತ್ತು. ಸಂಜೆ ದಂಡೆಗೆ ಹೋದೆ.

"ಸುಂದರಣ್ಣ, ಒಂದು ಮಾತು ಉಂಟು."

ಬಲೆ ಮಡಚುತ್ತಲೇ ಇದ್ದರು.

"ಚಂದಣ್ಣನಿಗೆ ಬೇಕಾದದ್ದು ಮೀನಲ್ಲ. ನೀವು ಬಂದು ಕೇಳಲಿಲ್ಲ ಅಂತ ಅವರಿಗೆ ಬೇಜಾರು. ನಾನು ನೋಡಿದೆ. ಅವತ್ತಿನಿಂದ ನನ್ನ ಹತ್ತಿರವೂ ನೀವು ಮಾತಾಡಿಲ್ಲ. ಅದು ನನಗೂ ಕಷ್ಟವೇ."

ಆಗ ಮೊದಲ ಸಲ ನನ್ನ ಮುಖ ನೋಡಿದರು.

"ನಿಮ್ಮಲ್ಲಿ ಎಂತ ಮಾತಾಡುದು ಮಾಸ್ಟ್ರೇ? ನೀವು ತಪ್ಪು ಮಾಡಿದ್ದು ಗೊತ್ತಿಲ್ಲದೆ. ನಾನು ಅವನನ್ನು ಸಂಶಯ ಮಾಡಿದ್ದು ಎಲ್ಲ ಗೊತ್ತಿದ್ದು." ಬಲೆಯ ತುದಿಯನ್ನು ನನ್ನ ಕೈಗೆ ಕೊಟ್ಟರು. "ಹಿಡಿಯಿರಿ. ಹಾಗಲ್ಲ, ಬಿಗಿ ಹಿಡಿಯಿರಿ."

ಕತ್ತಲಾಗುವ ತನಕ ಇಬ್ಬರೂ ಬಲೆ ಮಡಚಿದೆವು. ಅಜ್ಜನ ಕಲ್ಲಿನ ಮೇಲೆ ಈಗಲೂ ಬೇರೆ ಬೋಟುಗಳು ನಿಲ್ಲುತ್ತವೆಯಂತೆ. ಅದು ಇನ್ನು ಹಾಗೆಯೇ.

ಡಿಸೆಂಬರ್ 16, ಮಂಗಳವಾರ

ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ಬೆಳಿಗ್ಗೆಯೇ ಲಿಡ್ವಿನ್ ಹೇಳಿಕೊಟ್ಟ ಹಾಗೆ ಮೆಣಸು, ಕೊತ್ತಂಬರಿ, ಹುಣಸೆಹುಳಿ, ತೆಂಗಿನಕಾಯಿ ಅರೆದಿಟ್ಟು ಬಂದಿದ್ದೆ. ಈ ಸಲ ಅವನ ಸಹಾಯ ಇಲ್ಲ, ಪೂರ್ತಿ ನಾನೇ. ಮೂರು ಬಸ್ಸು ಬಿಟ್ಟೆ. ಇವತ್ತು ಯಾವ ಮೀನು ಇರಬಹುದು ಎಂಬ ಕುತೂಹಲ ನನಗೆ.

ಮೋಕ್ಷಾ ಓಡಿ ಬಂದಳು. ಕೈ ಖಾಲಿ.

"ಎಲ್ಲಿ ಮೀನು?"

"ಇಲ್ಲ ಸರ್!" ಏದುಸಿರು ಬಿಡುತ್ತಿದ್ದಳು. "ಇವತ್ತು ಅಪ್ಪನೇ ತಗೊಂಡು ಹೋದ್ರು. ನಾನು ಹೊರಗೆ ನಿಂತಿದ್ದೆ. ಅಪ್ಪ ಎಂತ ಹೇಳಿದ್ರು ಕೇಳ್ಲಿಲ್ಲ. ಚಂದು ಮಾಮ ಸುಮಾರು ಬೈದ್ರು, ಟಿವಿಗಿಂತ ಜೋರು. ಮತ್ತೆ ಸರಸ ಮಾಮಿ ಬಂದು ತೊಟ್ಟೆ ತಗೊಂಡು ಒಳಗೆ ಹೋದ್ರು. ಹೋಗುವಾಗ, ನಾಳೆ ಎಷ್ಟು ಗಂಟೆಗೆ ಬೋಟ್ ಹೊರಡುದು ಅಂತ ಕೇಳಿದ್ರು."

ಹೇಳಿದವಳೇ ನನ್ನ ಫೋನಿನ ಕಡೆ ಕೈ ಚಾಚಿದಳು. "ಸರ್, ಒಮ್ಮೆ ಕೊಡಿ. ಮುಟ್ಟಿ ನೋಡ್ತೇನೆ." ಕೊಟ್ಟೆ. ನಕ್ಷೆ ತೆರೆದು ಸಮುದ್ರವನ್ನು ದೊಡ್ಡದು ಮಾಡಿ, ಬೆರಳಿನಿಂದ ಆ ನೀಲಿಯನ್ನು ಸ್ವಲ್ಪ ಹೊತ್ತು ಆಚೀಚೆ ಸರಿಸಿದಳು. ಗುರುತು ಇಡಲಿಲ್ಲ. ಫೋನು ವಾಪಸು ಕೊಟ್ಟು, "ಒಂದು ಮಿಸ್ಡ್ ಕಾಲ್ ಉಂಟು ಸರ್, ಪುಣೆ ಅಂತ ಉಂಟು" ಎಂದಳು.

ಅವನಿಗೆ ನಾಳೆ ಫೋನು ಮಾಡಿದರಾಯಿತು.

ರೂಮಿಗೆ ಬಂದು ಅರೆದಿಟ್ಟ ಮಸಾಲೆಯನ್ನು ಕುದಿಸಿ ಹಾಗೆಯೇ ಅನ್ನಕ್ಕೆ ಹಾಕಿಕೊಂಡು ಉಂಡೆ. "ಮೀನು ಎಲ್ಲಿ ಮಾರಾಯ?" ಎಂದು ಲಿಡ್ವಿನ್ ಪಾತ್ರೆಯೊಳಗೆ ಸೌಟು ಆಡಿಸಿ ಹುಡುಕಿದ.

"ಚಂದಣ್ಣನ ಮನೆಯಲ್ಲಿ ಉಂಟು" ಎಂದೆ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಎರಡು ಸಲ ಹಾಕಿಸಿಕೊಂಡೆ.